ಭತ್ತದ ಎಲೆ ಮೇಲೆ ಚುಕ್ಕೆ ಬಂದು ಅಲ್ಲೇ ನಿಂತಿದೆ, ಔಷಧಿ ಹೊಡೆಯಬೇಕಾ?

ಬದುವಿನ ಹುಲ್ಲು:
ಅಕ್ಕಪಕ್ಕ ಎರಡು ತಳಿ ಹಾಕಿದ್ದೇನೆ. ಒಂದಕ್ಕೆ ಬೆಂಕಿ ರೋಗ ಜೋರಾಗಿದೆ. ಎಲೆ ತುಂಬ ಕಣ್ಣಿನಾಕಾರದ ಮಚ್ಚೆ, ನಡುವೆ ಬೂದು ಬಣ್ಣ. ಇನ್ನೊಂದರಲ್ಲಿ ಗುಂಡುಸೂಜಿ ತಲೆಯಷ್ಟು ಕಂದು ಚುಕ್ಕೆ ಬಂದು ಅಲ್ಲೇ ನಿಂತಿದೆ. ಇದಕ್ಕೂ ಔಷಧಿ ಬೇಕಾ?

ಭೂತಗನ್ನಡಿ:
ಆ ಸಣ್ಣ ಚುಕ್ಕೆ ಗಿಡವೇ ಮಾಡಿಕೊಂಡಿದ್ದು. ಬೆಂಕಿ ರೋಗ ತರುವ ಶಿಲೀಂಧ್ರದ ಬೀಜಕಣ ಒದ್ದೆ ಎಲೆಗೆ ಅಂಟಿ ಮೊಳೆಯುತ್ತದೆ. ಮೊಳಕೆಯ ತುದಿಯಲ್ಲಿ ಕಪ್ಪು ಗುಳ್ಳೆ ಕಟ್ಟುತ್ತದೆ. ಅದರೊಳಗಿನ ಒತ್ತಡ 80 ಬಾರ್‌ವರೆಗೂ ಹೋಗುತ್ತದೆ, ಕಾರಿನ ಟೈರಿನದಕ್ಕಿಂತ ಮೂವತ್ತು ಪಟ್ಟಿಗೂ ಜಾಸ್ತಿ! ಆ ಬಲದಲ್ಲೇ ಎಲೆ ತೂತು ಮಾಡಿ ಒಳಗೆ ನುಗ್ಗುವುದು.

ಗಿಡವೂ ಸುಮ್ನೆ ಕೂತಿರುವುದಿಲ್ಲ. ಶಿಲೀಂಧ್ರದ ಹೊರಗೋಡೆಯಲ್ಲಿ ಕೈಟಿನ್ ಇದೆ, ಏಡಿಯ ಚಿಪ್ಪಿನಲ್ಲಿರುವ ಅದೇ ವಸ್ತು. ಗಿಡದಲ್ಲಿ ಅದು ಇಲ್ಲ. ಹಾಗಾಗಿ ಅದರ ಚೂರು ತಗುಲಿದರೆ ಸಾಕು, ಹೊರಗಿನವನು ಬಂದ ಅಂತ ಜೀವಕೋಶಕ್ಕೆ ಗೊತ್ತಾಗುತ್ತದೆ. ಆ ಜಾಗದಲ್ಲಿ ಕೋಶದ ಗೋಡೆ ದಪ್ಪವಾಗುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಸುರಿಯುತ್ತದೆ. ಇದನ್ನು ಅಡಗಿಸಲು ಶಿಲೀಂಧ್ರ ತನ್ನ ಪ್ರೋಟೀನುಗಳನ್ನು ಒಳಗೆ ಬಿಡುತ್ತದೆ. ಅದರಲ್ಲಿ ಒಂದನ್ನು ಗುರುತು ಹಿಡಿಯುವ ಜೀನ್ ತಳಿಯಲ್ಲಿದ್ದರೆ, ಆ ಕೋಶ ತಾನೇ ಸತ್ತುಹೋಗುತ್ತದೆ. ಬೆಂಕಿ ರೋಗದ ಶಿಲೀಂಧ್ರಕ್ಕೆ ಮೊದಮೊದಲು ಜೀವಂತ ಕೋಶವೇ ಬೇಕು. ಸತ್ತ ಕೋಶದೊಳಗೆ ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತದೆ. ನೀವು ನೋಡಿದ್ದು ಅದನ್ನೇ ಇರಬೇಕು.

ಆದರೂ ಲೆನ್ಸ್ ಇಟ್ಟು ನೋಡಿ. ಎಳ್ಳಿನಷ್ಟು ಉದ್ದನೆಯ ಚುಕ್ಕೆ, ಸುತ್ತ ಹಳದಿ ಅಂಚು ಇದ್ದರೆ ಅದು ಕಂದು ಚುಕ್ಕೆ ರೋಗ, ಬೇರೆಯದೇ ಕಥೆ.

ಮೂರನೇ ಎಲೆ:
ಹಾಗಾದರೆ ಯಾವ ರೋಗ ಬಂದರೂ ನಾಲ್ಕು ಕೋಶ ಸಾಯಿಸಿದರೆ ಆಯಿತಲ್ವಾ?

ಭೂತಗನ್ನಡಿ:
ಅಲ್ಲೇ ಇರುವುದು ತೊಡಕು. ಸತ್ತ ಕೋಶವನ್ನೇ ತಿಂದು ಬದುಕುವ ಶಿಲೀಂಧ್ರಗಳೂ ಇವೆ. ಅಮೆರಿಕದಲ್ಲಿ 'ವಿಕ್ಟೋರಿಯಾ' ಅನ್ನುವ ಓಟ್ಸ್ ತಳಿಯಿಂದ ತುಕ್ಕು ರೋಗ ತಡೆಯುವ ಗುಣ ತೆಗೆದುಕೊಂಡು ಹೊಸ ತಳಿಗಳನ್ನು ಮಾಡಿದರು. 1940ರ ದಶಕದಲ್ಲಿ ಇನ್ನೊಂದು ಶಿಲೀಂಧ್ರ ಬಂತು. ಅದರ ವಿಷ ಇದೇ ಗುಣವನ್ನು ಕೆಣಕಿ, ಗಿಡ ತನ್ನ ಕೋಶಗಳನ್ನು ತಾನೇ ಕೊಂದುಕೊಳ್ಳುವ ಹಾಗೆ ಮಾಡಿತು. ತುಕ್ಕು ತಡೆದ ತಳಿಗಳೇ ನೆಲ ಕಚ್ಚಿದವು. ನನಗೆ ಈ ಇಡೀ ವಿಷಯದಲ್ಲಿ ಜಾಸ್ತಿ ಇಷ್ಟವಾದ ಕಥೆ ಇದು, ಬೆಳೆದವರಿಗೆ ಖಂಡಿತ ಆಗಿರಲಿಕ್ಕಿಲ್ಲ.

ಬದುವಿನ ಹುಲ್ಲು:
ನೋಡಿದೆ, ಹಳದಿ ಅಂಚು ಇಲ್ಲ. ಹಾಗಾದರೆ ಮುಂದಿನ ಸಲ ಎಲ್ಲಾ ಕಡೆ ಈ ತಳಿಯನ್ನೇ ಹಾಕುತ್ತೇನೆ.

ಭೂತಗನ್ನಡಿ:
ಈಗ ಅದಕ್ಕೆ ಔಷಧಿ ಬೇಡ. ಆದರೆ ಎಲ್ಲಾ ಕಡೆ ಅದೊಂದನ್ನೇ ಹಾಕಬೇಡಿ. ಶಿಲೀಂಧ್ರ ಆ ಒಂದು ಪ್ರೋಟೀನ್ ಬದಲಿಸಿಕೊಂಡರೆ ಗುರುತು ಸಿಗುವುದಿಲ್ಲ. ಗೋಧಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಒಂದು ಜೀನನ್ನು 1998ರಲ್ಲಿ ಉಗಾಂಡಾದಲ್ಲಿ ಸಿಕ್ಕ ಕಾಂಡದ ತುಕ್ಕು ಹೀಗೇ ದಾಟಿತು. ರೋಗ ಬಂದ ತಳಿಗೆ ಸದ್ಯ ಯೂರಿಯಾ ಕೊಡಬೇಡಿ, ಸಾರಜನಕ ಜಾಸ್ತಿಯಾದರೆ ಬೆಂಕಿ ರೋಗ ಏರುತ್ತದೆ. ತೆನೆ ಹೊರಬರುವಾಗ ಎರಡೂ ತಳಿಯ ತೆನೆಯ ಕುತ್ತಿಗೆ ನೋಡಿ, ಅಲ್ಲಿ ಕಪ್ಪಾದರೆ ಕಾಳು ಜೊಳ್ಳಾಗುತ್ತದೆ.