ಐಎಸ್‌ಐ ಗುರುತಿಲ್ಲದ ಆಟಿಕೆ ಸ್ಟಾಕ್: ಸರ್ಕಾರ ಪರಿಹಾರ ಕೊಡುತ್ತಾ?

ಮಾಮೂಲ್‌ಪೇಟೆ ಹೋಲ್‌ಸೇಲ್:
ಗೋಡೌನಲ್ಲಿ ಐಎಸ್‌ಐ ಇಲ್ಲದ ಆಟಿಕೆ 4 ಲಕ್ಷದ್ದಿದೆ. ಅರ್ಧ 2021ಕ್ಕೆ ಮುಂಚಿನದು, 12% ಜಿಎಸ್‌ಟಿ ಕಟ್ಟಿ ಐಟಿಸಿ (ಖರೀದಿಗೆ ಕಟ್ಟಿದ ತೆರಿಗೆಯ ಕ್ರೆಡಿಟ್) ತಗೊಂಡಾಗಿದೆ. ಉಳಿದರ್ಧ ಹೋದ ದೀಪಾವಳಿಗೆ ಡೀಲರ್ ಕಳಿಸಿದ್ದು, ಬಿಲ್ಲಲ್ಲಿ ಐಎಸ್‌ಐ ಅಂತ ಬರೆದಿದೆ, ಡಬ್ಬಿ ಮೇಲೆ ಗುರುತೇ ಇಲ್ಲ. ಸರ್ಕಾರದಿಂದ ನಷ್ಟಪರಿಹಾರ ಸಿಗುತ್ತಾ? ಇಲ್ಲಾಂದ್ರೆ ಒಡೆದು ಬಿಸಾಕಿದರೆ ಸಾಕಾ?

ಪೀಣ್ಯ ಪಕ್ಕ:
ಸಿಗಲ್ಲ ಸರ್. ಮಾಲನ್ನು ಸರ್ಕಾರ ವಶಪಡಿಸಿಕೊಂಡಿಲ್ಲ, ಮಾರಬೇಡಿ ಅಂದಿದೆ ಅಷ್ಟೇ. ಅದಕ್ಕೆ ದುಡ್ಡು ಕೊಡಬೇಕೆಂದು ಬಿಐಎಸ್ (ಐಎಸ್‌ಐ ಗುರುತು ಕೊಡುವ ಸಂಸ್ಥೆ) ಕಾಯ್ದೆಯಲ್ಲಿಲ್ಲ. ಆಟಿಕೆಗೆ ಐಎಸ್‌ಐ ಕಡ್ಡಾಯ ಎಂಬ ಆದೇಶ ಬಂದದ್ದು 2020ರ ಫೆಬ್ರವರಿಯಲ್ಲಿ. ಸೆಪ್ಟೆಂಬರ್ 1ಕ್ಕೆ ಜಾರಿ ಎಂದಿದ್ದನ್ನು 2021ರ ಜನವರಿ 1ಕ್ಕೆ ಮುಂದೂಡಿದರು. ಹಳೇ ಮಾಲು ಖಾಲಿ ಮಾಡಲು ಸಿಕ್ಕ ಆ ಅವಧಿಯೇ ಪರಿಹಾರ ಅಂದುಕೊಳ್ಳಿ.

ನಿಮಗೆ ಈಗ ನಷ್ಟಕ್ಕಿಂತ ದೊಡ್ಡ ತಲೆನೋವು ಬಿಐಎಸ್ ಕಾಯ್ದೆಯ 17ನೇ ಸೆಕ್ಷನ್. ಮಾರುವುದಷ್ಟೇ ಅಲ್ಲ, ಮಾರಾಟಕ್ಕೆಂದು ಇಟ್ಟುಕೊಳ್ಳುವುದೂ ತಪ್ಪು. ಒಳ್ಳೇ ಮಾಲಿನ ಜತೆ ಒಂದೇ ರ‍್ಯಾಕಲ್ಲಿದ್ದರೆ ತಪಾಸಣೆಗೆ ಬಂದವರಿಗೆ ಏನು ಹೇಳ್ತೀರಿ? ಇವತ್ತೇ ಬೇರೆ ಮಾಡಿ, ರಟ್ಟಿನ ಪೆಟ್ಟಿಗೆಗೆ ಟೇಪ್ ಸುತ್ತಿ ‘ಮಾರಾಟಕ್ಕಿಲ್ಲ’ ಚೀಟಿ ಅಂಟಿಸಿ. ನೋಂದಾಯಿತ ಕುಶಲಕರ್ಮಿಗಳ ಚನ್ನಪಟ್ಟಣದ ಬೊಂಬೆಗೆ ವಿನಾಯಿತಿ ಇದೆ, ಅದನ್ನೂ ಇದರೊಳಗೆ ತುಂಬಿಬಿಡಬೇಡಿ.

ಲೆಕ್ಕದ ಪುಸ್ತಕ:
ಒಡೆದು ಬಿಸಾಕಿದರೆ 17(5)(ಎಚ್) ಪ್ರಕಾರ ಐಟಿಸಿ ವಾಪಸ್ ಕಟ್ಟಬೇಕು. ಹಳೇ 2 ಲಕ್ಷಕ್ಕೆ 24,000. ಜಿಎಸ್‌ಟಿಆರ್-3ಬಿ ರಿಟರ್ನಿನ 4(ಬಿ)(1)ರಲ್ಲಿ ತೋರಿಸಿ. (ಇದು ಸಿಜಿಎಸ್‌ಟಿ ಅಂದರೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 17, ಮೇಲೆ ಹೇಳಿದ ಬಿಐಎಸ್‌ನದ್ದಲ್ಲ.) ಪುಡಿ ಮಾಡಿ ಪ್ಲಾಸ್ಟಿಕ್ ಗುಜರಿಗೆ ಬಿಲ್ ಹಾಕಿ ಕೊಟ್ಟರೆ ಅದು ಮಾರಾಟ, ಐಟಿಸಿ ಉಳಿಸಿಕೊಳ್ಳಲು ವಾದವಿದೆ, ಅಧಿಕಾರಿ ಒಪ್ಪದೆಯೂ ಇರಬಹುದು. ಎರಡಕ್ಕೂ ಐಟಂವಾರು ಪಟ್ಟಿ, ಖರೀದಿ ಬಿಲ್ ನಂಬರ್, ಒಡೆಯುವಾಗಿನ ಫೋಟೋ, ತೂಕದ ಚೀಟಿ ಬೇಕು. ಆದಾಯ ತೆರಿಗೆಯಲ್ಲಿ ಮುಕ್ತಾಯದ ದಾಸ್ತಾನನ್ನು ಗುಜರಿ ಬೆಲೆಗೆ ಇಳಿಸಿ, ನಷ್ಟ ತಾನಾಗೇ ಬರುತ್ತೆ. ಆದರೆ 8% ಅಥವಾ 6% ಅಂದಾಜು ಲಾಭ ತೋರಿಸೋ ಸ್ಕೀಮಲ್ಲಿದ್ದರೆ ಈ ನಷ್ಟ ಎಲ್ಲೂ ಕಳೆಯಲು ಬರಲ್ಲ.

ಕೋರ್ಟ್ ಹಾಲ್ 9:
ದೀಪಾವಳಿ ಮಾಲನ್ನು ಮಾತ್ರ ದಯವಿಟ್ಟು ಒಡೀಬೇಡಿ, ಅದೇ ನಿಮ್ಮ ಸಾಕ್ಷಿ! ಅಸಲಿ ಐಎಸ್‌ಐ ಗುರುತಿನ ಮೇಲ್ಭಾಗದಲ್ಲಿ ಮಾನದಂಡದ ನಂಬರ್ ಐಎಸ್ 9873 (ಬ್ಯಾಟರಿಯದಾದರೆ 15644), ಕೆಳಗೆ ಲೈಸೆನ್ಸಿನ ಸಿಎಂ/ಎಲ್ ನಂಬರ್ ಇರುತ್ತೆ. ಡೀಲರ್ ‘ಲೈಸೆನ್ಸ್ ಇದೆ’ ಅಂದರೆ ಆ ನಂಬರನ್ನು ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿ ನೋಡಿ. ಡಬ್ಬಿಯ ಆರೂ ಮಗ್ಗುಲ ಫೋಟೋ ತೆಗೆದು ಲಿಖಿತ ನೋಟಿಸ್ ಕೊಡಿ. ಮಾಲು ವಾಪಸ್ ತಗೊಂಡು ಜಿಎಸ್‌ಟಿ ಸಮೇತ ಕ್ರೆಡಿಟ್ ನೋಟ್ ಕೊಡಲು ಡೀಲರ್‌ಗೆ ಗಡುವು, ಹೆಚ್ಚೆಂದರೆ ಮಾಲು ಕಳಿಸಿದ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30.

ಗ್ರಾಹಕರ ಆಯೋಗಕ್ಕೆ ಹೋಗಬೇಡಿ, ಮರುಮಾರಾಟಕ್ಕೆ ಕೊಂಡವರು ಅಲ್ಲಿ ಗ್ರಾಹಕರಲ್ಲ. ದಾವೆಗೆ 3 ವರ್ಷ ಕಾಲಮಿತಿ. ತಗಾದೆ 3 ಲಕ್ಷ ಮುಟ್ಟಿದರೆ ವಾಣಿಜ್ಯ ನ್ಯಾಯಾಲಯ, ತುರ್ತು ಆದೇಶ ಬೇಡದಿದ್ದರೆ ಮೊದಲು ಮಧ್ಯಸ್ಥಿಕೆ ಕಡ್ಡಾಯ. ನಿಮ್ಮ 2 ಲಕ್ಷಕ್ಕೆ ಮಾಮೂಲಿ ಸಿವಿಲ್ ದಾವೆ.

ಸರ್ಕಾರ ತುಂಬಿಕೊಟ್ಟ ಉದಾಹರಣೆ ಬೇಕಾದರೆ ಅಮೆರಿಕಕ್ಕೇ ಹೋಗಬೇಕು. ಮಕ್ಕಳ ರಾತ್ರಿಯುಡುಪಿಗೆ ಬೆಂಕಿ ತಡೆಯಲು ಹಾಕುತ್ತಿದ್ದ ಟ್ರಿಸ್ ರಾಸಾಯನಿಕವನ್ನು 1977ರಲ್ಲಿ ನಿಷೇಧಿಸಿದರು. ಬೆಂಕಿ ತಡೆಯುವ ಗುಣವಿರಲೇಬೇಕು ಅಂದಿದ್ದೂ ಅದೇ ಸರ್ಕಾರ. ಅಷ್ಟು ಗಟ್ಟಿ ಕಾರಣವಿದ್ದೂ 1978ರಲ್ಲಿ ನಷ್ಟ ತುಂಬಿಕೊಡುವ ಮಸೂದೆಯನ್ನು ಅಧ್ಯಕ್ಷ ಕಾರ್ಟರ್ ತಡೆದರು. ಪರಿಹಾರ ಕೇಳಿ ಕೋರ್ಟಿಗೆ ಹೋಗಲು ದಾರಿ ಬಿಟ್ಟ ಕಾನೂನು ಬಂದದ್ದು 1982ರ ಕೊನೆಗೆ. ಐಎಸ್‌ಐ ಇಲ್ಲದ ಮಾಲೇ ತರಿಸಿ ಅಂತ ನಿಮಗೆ ಸರ್ಕಾರ ಹೇಳಿರಲಿಲ್ಲವಲ್ಲ.

ಮಾಮೂಲ್‌ಪೇಟೆ ಹೋಲ್‌ಸೇಲ್:
ಫೈರ್ ಇನ್ಶೂರೆನ್ಸಲ್ಲಿ ಏನಾದ್ರೂ?

ಲೆಕ್ಕದ ಪುಸ್ತಕ:
ಇಲ್ಲ. ಮಾಲು ಸುಟ್ಟಿಲ್ಲ, ನೆನೆದಿಲ್ಲ.