ಟ್ಯಾರೋ ಕಾರ್ಡು, ಕಣಿ ಮತ್ತು ಕ್ರೈಸ್ತ ವಿಶ್ವಾಸ

ಪ್ರಶ್ನೆ (ಬೀದರ್):
ನಾವು ಮೆಥೋಡಿಸ್ಟ್ ಸಭೆಯವರು. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ನನ್ನ ತಂಗಿ, ಮೊಬೈಲಿನಲ್ಲಿ ಭವಿಷ್ಯ ಹೇಳುವ ಚಿತ್ರದ ಎಲೆಗಳಾದ ಟ್ಯಾರೋ ಕಾರ್ಡು ನೋಡಿ, ಅದು ಹೇಳಿತೆಂದು ಒಂದು ಸಂದರ್ಶನಕ್ಕೇ ಹೋಗಲಿಲ್ಲ. ಕೇಳಿದರೆ ಇದು ಬರೀ ಆಟ ಎನ್ನುತ್ತಾಳೆ. ವಿಶ್ವಾಸಿಗಳು ಇದನ್ನು ಹೇಗೆ ನೋಡಬೇಕು?

ಉತ್ತರ (ಕಲಬುರಗಿ):
ಟ್ಯಾರೋ 15ನೆಯ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಇಸ್ಪೀಟಿನಂಥ ಆಟವಾಗಿಯೇ ಹುಟ್ಟಿತು. ಅದರಿಂದ ಭವಿಷ್ಯ ಹೇಳುವ ರೂಢಿ 18ನೆಯ ಶತಮಾನದ ಫ್ರಾನ್ಸಿನಲ್ಲಿ ಬೆಳೆಯಿತು. ಆದ್ದರಿಂದ ದೋಷವಿರುವುದು ಕಾಗದದಲ್ಲಲ್ಲ, ಅದರ ಮುಂದೆ ಕೂತು ‘ಹೋಗಲೋ ಬೇಡವೋ’ ಎಂದು ಕೇಳುವುದರಲ್ಲಿ. ಬೈಬಲಿನ ಧರ್ಮೋಪದೇಶಕಾಂಡದ 18ನೆಯ ಅಧ್ಯಾಯವು ಕಣಿ ಹೇಳುವುದನ್ನೂ ಶಕುನ ನೋಡುವುದನ್ನೂ ಸತ್ತವರನ್ನು ವಿಚಾರಿಸುವುದನ್ನೂ ಒಟ್ಟಿಗೇ ನಿಷೇಧಿಸುತ್ತದೆ; ನಮ್ಮ ಜಾತ್ರೆಗಳಲ್ಲಿ ಪಂಜರದಿಂದ ಹೊರಬಂದ ಗಿಳಿಯಿಂದ ಚೀಟಿ ಎತ್ತಿಸುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಉತ್ತರ (ಯಾದಗಿರಿ):
ಅಪೊಸ್ತಲರ ಕೃತ್ಯಗಳು 16ನೆಯ ಅಧ್ಯಾಯವನ್ನು ತಂಗಿಯೊಂದಿಗೆ ಕೂತು ಓದಿರಿ. ಫಿಲಿಪ್ಪಿಯಲ್ಲಿ ಕಣಿ ಹೇಳುತ್ತಿದ್ದ ದಾಸಿಯನ್ನು ಅಪೊಸ್ತಲ ಪೌಲನು ಅವಳಲ್ಲಿದ್ದ ದುರಾತ್ಮದಿಂದ ಬಿಡಿಸಿದಾಗ, ತಮ್ಮ ಆದಾಯ ನಿಂತಿತೆಂದು ಅವಳ ಯಜಮಾನರು ಅವನನ್ನೂ ಜೊತೆಗಾರ ಸೀಲನನ್ನೂ ಹಿಡಿದು ಅಧಿಕಾರಿಗಳ ಮುಂದೆ ಎಳೆದೊಯ್ದರು. ಅವರ ಚಿಂತೆಯೆಲ್ಲ ದುಡ್ಡಿನದು, ಆ ಹುಡುಗಿಯದಲ್ಲ. ನಿಮ್ಮ ತಂಗಿಯನ್ನು ದಯವಿಟ್ಟು ಗದರಿಸಬೇಡಿ. ಕೆಲಸ ಸಿಗದ ಭಯವೇ ಅವಳನ್ನು ಅತ್ತ ಎಳೆದಿರಬಹುದು.

ಉತ್ತರ (ಕಲಬುರಗಿ):
ನಾನು ಕಥೋಲಿಕಳು. ನಮ್ಮ ಸಭೆಯ ಬೋಧನೆಯೂ ಜಾತಕ, ಹಸ್ತಸಾಮುದ್ರಿಕೆ ಸೇರಿದಂತೆ ಇವೆಲ್ಲವನ್ನೂ ತಿರಸ್ಕರಿಸುತ್ತದೆ. ವಿವೇಕ ಕಡಿಮೆಯಾದವನು ದೇವರನ್ನೇ ಕೇಳಿಕೊಳ್ಳಲಿ ಎಂದು ಯಾಕೋಬನ ಪತ್ರಿಕೆಯ 1ನೆಯ ಅಧ್ಯಾಯ ಹೇಳುತ್ತದೆ. ಮುಂದಿನ ಸಂದರ್ಶನಕ್ಕೆ ಅವಳೊಂದಿಗೆ ಪ್ರಾರ್ಥಿಸಿ, ನೀವೇ ಜೊತೆಗೆ ಹೋಗಿಬನ್ನಿ.