ಶೆಫ್‌ಗೆ ಕೇಳಿ: ಮನೆಯ ಒವನ್‌ನಲ್ಲಿ ಲಾಬ್‌ಸ್ಟರ್ ಟೇಲ್

ಪ್ರಶ್ನೆ, ನ್ಯೂಜೆರ್ಸಿಯಿಂದ: ನಮಸ್ಕಾರ ಶೆಫ್. ಆಫರ್‌ನಲ್ಲಿ ಸಿಕ್ಕಿತು ಅಂತ ನಾಲ್ಕು ಫ್ರೋಜನ್ ಲಾಬ್‌ಸ್ಟರ್ ಟೇಲ್, ಅಂದರೆ ಬರೀ ಬಾಲದ ಭಾಗ, ತಂದಿದ್ದೇನೆ. ಒಂದೊಂದು 5 ಔನ್ಸ್ ಇದೆ. ಶನಿವಾರ ಮನೆಗೆ ನೆಂಟರು ಬರುತ್ತಾರೆ. ಮೀನು, ಸೀಗಡಿ ಎಲ್ಲ ಮಾಡುತ್ತೇನೆ, ಆದರೆ ಇದನ್ನು ಇದುವರೆಗೆ ಮುಟ್ಟಿಲ್ಲ. ವಿಡಿಯೋದಲ್ಲಿ ಒಬ್ಬರು 8 ನಿಮಿಷ ಅಂತಾರೆ, ಇನ್ನೊಬ್ಬರು 20 ಅಂತಾರೆ. ಯಾರನ್ನು ನಂಬೋದು?

ಉತ್ತರ: ಇಬ್ಬರೂ ಸರಿ ಇರಬಹುದು ಮೇಡಂ. ಅವರವರ ಟೇಲ್‌ನ ತೂಕ ಬೇರೆ, ಒವನ್‌ನ ಬಿಸಿ ಬೇರೆ. ನಿಮ್ಮದು 5 ಔನ್ಸ್, ಅಂದರೆ ಸುಮಾರು 140 ಗ್ರಾಂ. ಒವನ್ 425 ಡಿಗ್ರಿ ಫ್ಯಾರನ್‌ಹೀಟ್‌ಗೆ ಚೆನ್ನಾಗಿ ಕಾದಿದ್ದರೆ 8ರಿಂದ 10 ನಿಮಿಷ ಸಾಕು. 7ನೇ ನಿಮಿಷದಿಂದಲೇ ಕಣ್ಣಿಟ್ಟಿರಿ. ಲಾಬ್‌ಸ್ಟರ್ ಹಾಳಾಗೋದು ಬೇಯದೆ ಅಲ್ಲ, ಜಾಸ್ತಿ ಬೆಂದು.

ಶನಿವಾರದ ಊಟಕ್ಕೆ ಶುಕ್ರವಾರ ರಾತ್ರಿಯೇ ಟೇಲ್‌ಗಳನ್ನು ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ. ಮರೆತರೆ, ಗಾಳಿಯಾಡದ ಚೀಲಕ್ಕೆ ಹಾಕಿ ತಣ್ಣೀರಲ್ಲಿ ಮುಳುಗಿಸಿಡಿ. ಅರ್ಧ ಗಂಟೆಗೊಮ್ಮೆ ನೀರು ಬದಲಿಸಿದರೆ ಸುಮಾರು ಒಂದು ಗಂಟೆಯಲ್ಲಿ ಐಸ್ ಬಿಡುತ್ತದೆ. ಬಿಸಿನೀರು ಬೇಡ, ಮೈಕ್ರೋವೇವ್ ಅಂತೂ ಬೇಡವೇ ಬೇಡ. ಕಲ್ಲಿನಂತಿರುವಾಗಲೇ ಒವನ್‌ಗೆ ಇಟ್ಟರೆ ಹೊರಗೆ ಬಿರುಸು, ಒಳಗೆ ಹಸಿ. ಮಾಂಸ ಚಿಪ್ಪಿಗೆ ಅಂಟಿಕೊಂಡು ಬಿಡಿಸೋಕೂ ಬರಲ್ಲ.

ಇನ್ನು ಕತ್ತರಿಸುವುದು. ಅಡುಗೆಮನೆಯ ಗಟ್ಟಿ ಕತ್ತರಿ ತಗೊಳ್ಳಿ. ಟೇಲನ್ನು ಬಟ್ಟೆಯಲ್ಲಿ ಹಿಡಿಯಿರಿ, ಚಿಪ್ಪಿನ ಅಂಚಿನ ಮುಳ್ಳು ಕೈ ಕೊಯ್ಯುತ್ತದೆ. ಬೆನ್ನಿನ ಕಡೆ, ಚಿಪ್ಪಿನ ಅಡಿಗೆ ಕತ್ತರಿಯ ತುದಿ ತೂರಿಸಿ ನಡುಮಧ್ಯ ಕತ್ತರಿಸುತ್ತಾ ಹೋಗಿ. ಬಾಲದ ರೆಕ್ಕೆ ಶುರುವಾಗುವಲ್ಲಿ ನಿಲ್ಲಿಸಿ, ರೆಕ್ಕೆ ಕತ್ತರಿಸಬೇಡಿ. ಆಮೇಲೆ ಎರಡೂ ಹೆಬ್ಬೆರಳು ಇಟ್ಟು ಚಿಪ್ಪನ್ನು ಅಗಲಿಸಿ. ಹೊಟ್ಟೆಯ ಕಡೆಯ ತೆಳು ಕಡ್ಡಿಗಳು ಪಟಪಟ ಮುರಿಯುವುದು ಕೇಳಿಸುತ್ತದೆ, ಅದು ಸರಿಯೇ. ಮಾಂಸದ ಅಡಿಗೆ ಬೆರಳು ಹಾಕಿ ಮೆಲ್ಲಗೆ ಬಿಡಿಸಿ. ರೆಕ್ಕೆಯ ಹತ್ತಿರ ಮಾತ್ರ ಅಂಟಿಕೊಂಡೇ ಇರಲಿ. ಮಾಂಸ ಮೇಲೆತ್ತಿ, ಚಿಪ್ಪನ್ನು ಅದರ ಕೆಳಗೆ ಮುಚ್ಚಿ, ಮೇಲೆ ಮಲಗಿಸಿ. ಸೀಗಡಿಯಲ್ಲಿ ತೆಗೆಯುತ್ತೀರಲ್ಲ, ಆ ಕಪ್ಪು ನರ ಇಲ್ಲೂ ಇರುತ್ತದೆ, ಎಳೆದು ಬಿಸಾಕಿ.

ಕರಗಿಸಿದ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಚಿಟಿಕೆ ಉಪ್ಪು, ಸ್ವಲ್ಪ ಖಾರದ ಪುಡಿ. ಅರ್ಧ ಈಗ ಸವರಿ, ಉಳಿದರ್ಧ ಹೊರಗೆ ತೆಗೆದ ಮೇಲೆ. ನಿಂಬೆರಸ ಕೊನೆಗೆ.

ಪ್ರಶ್ನೆ, ಅವರದ್ದೇ: ಬೆಂದಿದೆ ಅಂತ ತಿಳಿಯೋದು ಹೇಗೆ? ಚಿಪ್ಪು ಕೆಂಪಾದರೆ ಸಾಕಲ್ವಾ?

ಉತ್ತರ: ಸಾಕಾಗಲ್ಲ. ಚಿಪ್ಪಿನ ಕೆಂಪು ಬಣ್ಣ ಮೊದಲಿಂದಲೂ ಒಳಗೇ ಇರುತ್ತದೆ, ಒಂದು ಪ್ರೋಟೀನ್ ಅದನ್ನು ಹಿಡಿದಿಟ್ಟಿರುತ್ತದೆ. ಬಿಸಿ ತಗುಲಿದ ಕೂಡಲೇ ಆ ಪ್ರೋಟೀನ್ ಸಡಿಲವಾಗಿ ಕೆಂಪು ಹೊರಬರುತ್ತದೆ. ಆಗ ಒಳಗಿನ ಮಾಂಸ ಇನ್ನೂ ಹಸಿ ಇರಬಹುದು.

ಮಾಂಸವನ್ನೇ ನೋಡಿ. ಹಸಿಯಾಗಿದ್ದಾಗ ಗಾಜಿನ ಹಾಗೆ ಅರೆಬರೆ ಆರಪಾರ ಕಾಣುತ್ತದೆ. ಬೆಂದಾಗ ಪೂರ್ತಿ ಬಿಳಿ. ಅತಿ ದಪ್ಪ ಇರುವ ಜಾಗದಲ್ಲಿ ಚೂರಿಯ ತುದಿಯಿಂದ ಸ್ವಲ್ಪ ಬಿಡಿಸಿ ನೋಡಿ. ಇನ್ನೂ ಒಳ್ಳೆಯದು ಮಾಂಸಕ್ಕೆ ಚುಚ್ಚಿ ಒಳಗಿನ ಬಿಸಿ ನೋಡುವ ಪ್ರೋಬ್ ಥರ್ಮಾಮೀಟರ್, ಜಾಸ್ತಿ ದುಡ್ಡೇನೂ ಆಗಲ್ಲ. ಅಮೆರಿಕದ ಸರ್ಕಾರಿ ಸಲಹೆ 145 ಡಿಗ್ರಿ, ಅಂದರೆ 63 ಸೆಲ್ಸಿಯಸ್. ಹೋಟೆಲ್ ಅಡುಗೆಯವರು ತುಂಬಾ ಜನ 140ರ ಹತ್ತಿರವೇ ತೆಗೆಯುತ್ತಾರೆ. ನೆಂಟರಲ್ಲಿ ಬಸುರಿಯರು, ವಯಸ್ಸಾದವರು, ಪುಟ್ಟ ಮಕ್ಕಳು ಇದ್ದರೆ 145 ಆಗಲೇಬೇಕು.

ಪ್ರಶ್ನೆ, ಡಲ್ಲಾಸ್‌ನಿಂದ: ನಾನು ಮಾಡಿದಾಗ ರಬ್ಬರ್ ಆಗಲಿಲ್ಲ ಸರ್, ಉಲ್ಟಾ ಹಿಟ್ಟುಹಿಟ್ಟಾಯಿತು. ಬೇಯಿಸಿದ್ದು ಕಮ್ಮಿ ಆಯ್ತಾ?

ಉತ್ತರ: ಬಹುಶಃ ಮಾಲಿನ ದೋಷ. ಲಾಬ್‌ಸ್ಟರ್ ಸತ್ತ ಮೇಲೆ ಅದರ ಮೈಯಲ್ಲಿರುವ ಕಿಣ್ವಗಳೇ ಮಾಂಸವನ್ನು ಕರಗಿಸತೊಡಗುತ್ತವೆ. ತಲೆಯಿಂದ ಬೇರ್ಪಡಿಸಿ ಫ್ರೀಜ್ ಮಾಡೋದು ತಡವಾದರೆ, ಅಥವಾ ದಾರಿಯಲ್ಲಿ ಒಮ್ಮೆ ಕರಗಿ ಮತ್ತೆ ಗಡ್ಡೆ ಕಟ್ಟಿದ್ದರೆ, ನೀವು ಏನು ಮಾಡಿದರೂ ಹಿಟ್ಟೇ. ಪ್ಯಾಕೆಟ್ ಒಳಗೆ ಹಿಮದ ಪುಡಿ ತುಂಬಾ ಇದ್ದರೆ, ಮಾಂಸದಲ್ಲಿ ಬೂದು, ಕಪ್ಪು ಕಲೆ ಕಂಡರೆ ತಗೊಳ್ಳಬೇಡಿ. ಕರಗಿದ ಮೇಲೆ ಅಮೋನಿಯ ವಾಸನೆ ಬಂದರೆ ಕಸದ ಬುಟ್ಟಿಗೆ ಹಾಕಿ, ದುಡ್ಡಿನ ಮುಖ ನೋಡಬೇಡಿ.

ಎಲ್ಲಿಯದು ಅಂತಲೂ ಲೇಬಲ್‌ನಲ್ಲಿ ಓದಿ. ಅಮೆರಿಕದ ಮೇನ್ ರಾಜ್ಯ, ಕೆನಡಾ ಕಡೆಯದ್ದು ತಣ್ಣನೆ ಕಡಲಿನ ಜಾತಿ, ದೊಡ್ಡ ಕೊಂಡಿ ಇರುವಂಥದ್ದು. ಕೆರಿಬಿಯನ್, ಬ್ರೆಜಿಲ್ ಕಡೆಯದ್ದು ಬೆಚ್ಚನೆ ಕಡಲಿನದ್ದು. ಅದಕ್ಕೆ ಕೊಂಡಿ ಇಲ್ಲ, ಬಾಲದ ಮೇಲೆ ಚುಕ್ಕೆ ಇರುತ್ತದೆ. ಬೆಚ್ಚನೆ ಕಡಲಿನದ್ದು ಕೆಟ್ಟದ್ದು ಅಂತಲ್ಲ, ಆದರೆ ಅಗ್ಗದ ಮಾಲಿನಲ್ಲಿ ಹಿಟ್ಟಾಗುವ ದೂರು ಅದರಲ್ಲೇ ಜಾಸ್ತಿ. ಇನ್ನೊಂದು, ಲೇಬಲ್‌ನಲ್ಲಿ ಸೋಡಿಯಂ ಟ್ರೈಪಾಲಿಫಾಸ್ಫೇಟ್ ಅಂತ ಇದ್ದರೆ ನೀರು ಹಿಡಿದಿಡಲು ಹಾಕಿರುತ್ತಾರೆ. ಆಗ ನೀವು ಮೇಲಿಂದ ಉಪ್ಪು ಹಾಕಬೇಡಿ.

ಪ್ರಶ್ನೆ, ಬೆಂಗಳೂರಿನಿಂದ: ನನ್ನ ಬಳಿ ಇರೋದು ಸಣ್ಣ ಓಟಿಜಿ (ಒವನ್, ಟೋಸ್ಟರ್, ಗ್ರಿಲ್ ಮೂರೂ ಒಂದರಲ್ಲೇ ಇರುವ ಡಬ್ಬಿ). ಇಲ್ಲಿ ಇಡೀ ಲಾಬ್‌ಸ್ಟರೇ ಸಿಗೋದು. ಆಗುತ್ತಾ? ಮಂಗಳೂರಿನವಳು ನಾನು, ಬೆಣ್ಣೆ ಬದಲು ಘೀ ರೋಸ್ಟ್ ಮಸಾಲೆ ಹಚ್ಚಬಹುದಾ?

ಉತ್ತರ: ಆಗುತ್ತೆ ಅಕ್ಕ. ನಮ್ಮ ಕರಾವಳಿಯಲ್ಲಿ ಸಿಗುವುದೂ ಕೊಂಡಿ ಇಲ್ಲದ ಮುಳ್ಳು ಲಾಬ್‌ಸ್ಟರೇ. ತಲೆ ಒಂದು ಕೈಯಲ್ಲಿ, ಬಾಲ ಇನ್ನೊಂದರಲ್ಲಿ ಹಿಡಿದು ತಿರುಚಿದರೆ ಕಳಚಿಕೊಳ್ಳುತ್ತದೆ. ತಲೆ, ಚಿಪ್ಪು ಬಿಸಾಕಬೇಡಿ, ಕುದಿಸಿ ಸೋಸಿದರೆ ಸಾರಿಗೆ ಒಳ್ಳೆ ನೀರು ಸಿಗುತ್ತದೆ. ಹೊಟ್ಟೆಯಡಿ ಮೊಟ್ಟೆ ಕಟ್ಟಿಕೊಂಡಿರುವುದನ್ನು, ತೀರಾ ಮರಿಗಳನ್ನು ದಯವಿಟ್ಟು ಕೊಳ್ಳಬೇಡಿ.

ಓಟಿಜಿಯಲ್ಲಿ ಎರಡೂ ರಾಡ್ ಹಾಕಿ 220 ಡಿಗ್ರಿ ಸೆಲ್ಸಿಯಸ್‌ಗೆ 15 ನಿಮಿಷ ಕಾಯಿಸಿ, ನಡುವಿನ ಕಂಬಿಯ ಮೇಲೆ ಇಡಿ. ಸಣ್ಣ ಡಬ್ಬಿಯಲ್ಲಿ ಮೇಲಿನ ರಾಡ್ ಮಾಂಸಕ್ಕೆ ತೀರಾ ಹತ್ತಿರ ಬರುತ್ತದೆ. ಸುಟ್ಟುಕೊಳ್ಳುತ್ತಿದೆ ಅನಿಸಿದರೆ ಫಾಯಿಲ್ ಮುಚ್ಚಿ.

ಘೀ ರೋಸ್ಟ್ ಹಚ್ಚಿ, ನನಗಂತೂ ಬೆಳ್ಳುಳ್ಳಿ ಬೆಣ್ಣೆಗಿಂತ ಅದೇ ಇಷ್ಟ. ಆದರೆ ಹಸಿ ಮಸಾಲೆ ಹಚ್ಚಬೇಡಿ. ಅರೆದ ಬ್ಯಾಡಗಿ ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ ಬೇಯಲು ಹತ್ತು ನಿಮಿಷ ಏನೂ ಸಾಲದು. ಬಾಣಲೆಯಲ್ಲಿ ತುಪ್ಪ ಹಾಕಿ, ಹಸಿವಾಸನೆ ಹೋಗಿ ತುಪ್ಪ ಬಿಡುವ ತನಕ ಹುರಿದು, ಆರಿಸಿ, ಒವನ್‌ಗೆ ಇಡುವ ಮುಂಚೆ ತೆಳ್ಳಗೆ ಸವರಿ. ಕೋಳಿಗೆ ಮಾಡಿದಂತೆ ಮೊಸರು, ಹುಳಿ ಕಲಸಿ ಗಂಟೆಗಟ್ಟಲೆ ನೆನೆಸಬೇಡಿ, ಮಾಂಸದ ಹದ ಕೆಡುತ್ತದೆ. ಅಮೆರಿಕದಲ್ಲಿ ಲಾಬ್‌ಸ್ಟರ್ ಅದ್ದಿ ತಿನ್ನಲು ಬೆಣ್ಣೆ ಕಾಯಿಸಿ ತಿಳಿ ತೆಗೆದು ಕೊಡುತ್ತಾರೆ. ನಿಮ್ಮನೆ ತುಪ್ಪ ಅದಕ್ಕಿಂತ ಒಂದು ಹೆಜ್ಜೆ ಮುಂದೆಯೇ ಇದೆ.

ಪ್ರಶ್ನೆ, ಮತ್ತೆ ನ್ಯೂಜೆರ್ಸಿಯಿಂದ: ಈಗ ಗೊತ್ತಾಯಿತು ಶೆಫ್, ಬರೋ ನೆಂಟರಲ್ಲಿ ಒಬ್ಬರಿಗೆ ಸೀಗಡಿ ಅಲರ್ಜಿಯಂತೆ. ಲಾಬ್‌ಸ್ಟರ್ ಬೇರೆ ಜಾತಿ ಅಲ್ವಾ, ಸ್ವಲ್ಪ ರುಚಿ ನೋಡ್ತೀನಿ ಅಂತಿದ್ದಾರೆ.

ಉತ್ತರ: ಬೇಡ. ಸೀಗಡಿ, ಏಡಿ, ಲಾಬ್‌ಸ್ಟರ್ ಮೂರರಲ್ಲೂ ಅಲರ್ಜಿ ತರುವ ಮುಖ್ಯ ಪ್ರೋಟೀನ್ ಒಂದೇ ಬಗೆಯದ್ದು. ಡಾಕ್ಟರ್ ಹೇಳದೆ ಒಂದು ತುಣುಕೂ ಕೊಡಬೇಡಿ. ಮೀನು ಆಗುತ್ತದಾ ಅಂತ ಅವರನ್ನೇ ಕೇಳಿ. ಆಗುವುದಾದರೆ ಅವರಿಗೆ ಸಾಲ್ಮನ್ ಮಾಡಿ. ಬೆಣ್ಣೆ ಬಟ್ಟಲು, ಬ್ರಷ್, ಟ್ರೇ ಎಲ್ಲ ಬೇರೆ ಇರಲಿ. ಮೊದಲು ಸಾಲ್ಮನ್ ಬೇಯಿಸಿ ಮುಚ್ಚಿ ಪಕ್ಕಕ್ಕಿಡಿ, ಲಾಬ್‌ಸ್ಟರ್ ಕತ್ತರಿಸುವ ಕೆಲಸ ಅದಾದ ಮೇಲೆ ಶುರು ಮಾಡಿ.